ಆಯೇರಿ ಕೂಗಿದ ಮೈಕು

ನನ್ನ ತಲೆಯ ಮೇಲಿನ ಸ್ಪಂಜಿನ ಟೊಪ್ಪಿಗೆ ಯಾವ ಬಣ್ಣದ್ದಿರಬೇಕು ಎಂಬ ಗಹನವಾದ ಪ್ರಶ್ನೆಯನ್ನು ಮೊಟ್ಟಮೊದಲು ಓದುಗರ ಮುಂದಿಡುವುದು ನನ್ನ ಕರ್ತವ್ಯ. ಪಡಸಾಲೆ ರೇಡಿಯೊ ಎಂಬ ಸಮುದಾಯ ಬಾನುಲಿಯ ಆಡಳಿತ ಸಮಿತಿ ಇದಕ್ಕಾಗಿಯೇ ಎರಡು ಸಲ ಸಭೆ ಸೇರಿತು. ಎರಡು ಸಲವೂ ಚಹಾ ಕುಡಿಯಿತು, ಮೊದಲ ಸಲ ಜಗಳವಾಡಿ ಎದ್ದಿತು. ಕೇಸರಿ ಒಂದು ಪಕ್ಷದ್ದಾಯಿತು, ಹಸಿರು ಮತ್ತೊಂದರದ್ದು. ಕೆಂಪಿಗೂ ನೀಲಿಗೂ ಊರಿನಲ್ಲಿ ಸಂಘಗಳಿದ್ದವು. ಹಳದಿ ಎಂದರೆ ನಾಡಬಾವುಟದ ಅರ್ಧ, ಉಳಿದರ್ಧ ಎಲ್ಲಿ ಎಂದು ಯಾರಾದರೂ ಕೇಳಿದರೆ ಏನು ಹೇಳುವುದು? ಬಿಳಿ ಬೇಗ ಕೊಳೆಯಾಗುತ್ತದೆ. ಕೊನೆಗೆ ಬೂದು ಬಣ್ಣ ಗೆದ್ದಿತು. ಅದರ ಹೆಸರಿನಲ್ಲಿ ಇನ್ನೂ ಯಾರೂ ಪಕ್ಷ ಕಟ್ಟಿರಲಿಲ್ಲ ಎಂಬುದೇ ಅದರ ಯೋಗ್ಯತೆ.

ನಾನು ಒಂದು ಮೈಕು. ಕೈಯಲ್ಲಿ ಹಿಡಿಯುವಂಥದ್ದು, ಹಿಂದೆ ಉದ್ದನೆಯ ವಾಯರಿನ ಬಾಲ. ಹುಟ್ಟಿದ್ದು ಯಾವುದೋ ದೊಡ್ಡ ಊರಿನ ತಗಡಿನ ಶೆಡ್ಡಿನಲ್ಲಿ. ಅಲ್ಲಿ ಒಬ್ಬ ಹೆಂಗಸು ಈರುಳ್ಳಿಯ ಸಿಪ್ಪೆಗಿಂತ ತೆಳುವಾದ ಪೊರೆಯೊಂದನ್ನು ನನ್ನೊಳಗೆ ಅಂಟಿಸಿ, ಉಸಿರು ಬಿಗಿಹಿಡಿದು, ಸರಿ ಕೂತಿತು ಎಂದು ಖಾತ್ರಿಯಾದ ಮೇಲೆ ಉಸಿರು ಬಿಟ್ಟಳು. ಆ ನಿಟ್ಟುಸಿರೇ ನಾನು ಕೇಳಿದ ಮೊದಲ ಸದ್ದು. ಎರಡನೆಯದು "ಹಲೋ, ಹಲೋ, ಚೆಕ್". ಆಮೇಲೆ ನನ್ನ ಆಯುಷ್ಯದುದ್ದಕ್ಕೂ ಜನ ನನಗೆ ಹೆಚ್ಚಾಗಿ ಹೇಳಿದ್ದು ಅದನ್ನೇ. ಮನುಷ್ಯರಿಗೆ ತಮ್ಮ ದನಿ ಕೇಳುತ್ತಿದೆಯೋ ಇಲ್ಲವೋ ಎಂಬ ಗಾಬರಿ ಯಾವತ್ತೂ ಹೋಗುವುದಿಲ್ಲ.

ನನ್ನ ಜಾತಿಗೆ ಹುಟ್ಟಿನಿಂದಲೇ ಒಂದು ಅಶಾಂತಿ ಅಂಟಿಕೊಂಡಿದೆ. ಕಣ್ಣಿದ್ದವರು ರೆಪ್ಪೆ ಮುಚ್ಚುತ್ತಾರೆ, ಬಾಯಿದ್ದವರು ತುಟಿ ಮುಚ್ಚುತ್ತಾರೆ. ಕಿವಿಗೆ ಬಾಗಿಲಿಲ್ಲ. ನಾನೋ ಕಿವಿಯ ಹೊರತು ಇನ್ನೇನೂ ಅಲ್ಲ. ಬಟನ್ ಆರಿಸಿದರೆ ನಾನು ಕೇಳಿದ್ದು ಹೊರಗೆ ಹೋಗುವುದಿಲ್ಲ, ಅಷ್ಟೇ. ಒಳಗೆ ಬರುವುದು ನಿಲ್ಲುವುದಿಲ್ಲ.

ನನ್ನ ಮೊದಲ ಮಾಲೀಕರು ದಾವಲಸಾಬ ಮಕಾನದಾರ. ಬಸ್‌ಸ್ಟ್ಯಾಂಡಿನ ಹಿಂದೆ ಅವರದೊಂದು ಸೌಂಡ್ ಸರ್ವಿಸ್ ಅಂಗಡಿ ಇತ್ತು. ಸುತ್ತಲ ಹಳ್ಳಿಗಳಲ್ಲಿ ನಾಟಕವಾದರೆ ಡಬ್ಬಿ, ಹಾರ್ನು, ಮೈಕುಗಳೆಲ್ಲ ಅವರ ಅಂಗಡಿಯಿಂದಲೇ ಹೋಗಬೇಕು. ನಟರ ತಲೆಯ ಮೇಲೆ ಹಗ್ಗಕ್ಕೆ ತೂಗುವ ಭಾಗ್ಯ ನನ್ನ ಅಣ್ಣಂದಿರದು. ನನಗೆ ಸಿಕ್ಕಿದ್ದು ಪರದೆಯ ಪಕ್ಕದ ಕುರ್ಚಿ, ಆಯೇರಿ ಕೂಗುವ ಕೆಲಸ.

ಆಯೇರಿ ಎಂದರೆ ಉಡುಗೊರೆ. ನಮ್ಮ ಕಡೆ ನಾಟಕ ನೋಡಲು ಬಂದವರು ಸುಮ್ಮನೆ ನೋಡಿ ಹೋಗುವುದಿಲ್ಲ. ಪಾತ್ರ ಮನಸ್ಸಿಗೆ ಬಂದರೆ, ಅಥವಾ ಪಾತ್ರಧಾರಿ ಅಳಿಯನಾದರೆ, ನಡುವೆಯೇ ಎದ್ದು ಬಂದು ನೋಟು ಕೊಡುತ್ತಾರೆ. ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗಬೇಕು. ಅದಕ್ಕಾಗಿ ನಾಟಕ ನಿಲ್ಲುತ್ತದೆ. ನಾಯಕ ವಿಷ ಕುಡಿದು ಬಿದ್ದಿದ್ದಾನೆ, ತಾಯಿ ಎದೆ ಬಡಿದುಕೊಳ್ಳುತ್ತಿದ್ದಾಳೆ ಅನ್ನಿ. ದಾವಲಸಾಬರು ಹಾರ್ಮೋನಿಯಂ ಸದ್ದು ತಗ್ಗಿಸಿ ನನ್ನ ಬಟನ್ ಎತ್ತುತ್ತಾರೆ. ಹೆಣ ಎದ್ದು ಬಂದು ನೋಟು ತೆಗೆದುಕೊಂಡು, ಕೈಮುಗಿದು, ಹೋಗಿ ಅದೇ ಜಾಗದಲ್ಲಿ ಮಲಗುತ್ತದೆ. ಎರಡನೆಯ ಸಲದ ಸಾವು ಯಾವಾಗಲೂ ಮೊದಲನೆಯದಕ್ಕಿಂತ ಚೆನ್ನಾಗಿರುತ್ತದೆ. ಹೆಸರು ಕೂಗಿಸಿಕೊಂಡವನು ಮರುದಿನ ಓಣಿಯಲ್ಲಿ ಎದೆ ಉಬ್ಬಿಸಿ ನಡೆಯುತ್ತಾನೆ. ಕೂಗಿಸಿಕೊಳ್ಳದವನಿಗೆ ಹೆಂಡತಿಯ ತವರಿನವರ ಮುಂದೆ ತಲೆ ಎತ್ತುವುದು ಕಷ್ಟ.

ನನ್ನನ್ನು ಹಿಡಿಯುವವರೆಲ್ಲ ಗದ್ದದ ಕೆಳಗೆ ಹಿಡಿಯುತ್ತಾರೆ. ಹಾಗಾಗಿ ಮನುಷ್ಯರ ಬಗ್ಗೆ ನನ್ನ ತಿಳಿವಳಿಕೆ ಹೆಚ್ಚಾಗಿ ಮೂಗಿನ ಹೊಳ್ಳೆ, ಎಲೆ ಅಡಿಕೆಯ ಕರೆ, ಕ್ಷೌರದಲ್ಲಿ ತಪ್ಪಿಸಿಕೊಂಡ ಕೂದಲು, ಇವುಗಳ ಮೂಲಕ ಬಂದದ್ದು. ಗೌರವ ಇಟ್ಟುಕೊಳ್ಳಲು ಇದು ಒಳ್ಳೆಯ ಕೋನವಲ್ಲ.

ಆಮೇಲೆ ಊರಿಗೆ ಡಿಜೆ ಬಂತು. ಮನೆಯ ಗಾಜು ನಡುಗದಿದ್ದರೆ ಅದು ಸೌಂಡೇ ಅಲ್ಲ ಎಂದು ಜನ ತೀರ್ಮಾನಿಸಿದರು. ದಾವಲಸಾಬರ ಹಾರ್ನುಗಳಲ್ಲಿ ಜೇಡ ಗೂಡು ಕಟ್ಟಿತು. ಅದೇ ಹೊತ್ತಿಗೆ ಹಳೆಯ ಹತ್ತಿ ಜಿನ್ನಿಂಗ್ ಕಾರ್ಖಾನೆಯ ಮಾಳಿಗೆಯಲ್ಲಿ ಪಡಸಾಲೆ ರೇಡಿಯೊ ಶುರುವಾಯಿತು. ದಾವಲಸಾಬರು ನನ್ನನ್ನು ಅಲ್ಲಿಗೆ ಮಾರಿದರು. ಮಾರಿದ ಮೇಲೆ ಬಿಟ್ಟಿರಲಾರದೆ ತಾವೂ ಅಲ್ಲೇ ತಂತ್ರಜ್ಞರಾಗಿ ಸೇರಿಕೊಂಡರು. ಸದ್ದು ಗುಂಯ್‌ಗುಡಬಾರದೆಂದು ಸ್ಟುಡಿಯೊದ ಗೋಡೆಗೆಲ್ಲ ಹಳೆಯ ಕೌದಿಗಳನ್ನು ತೂಗುಹಾಕಿದ್ದರು. ಯಾರದೋ ಅಜ್ಜಿಯರ ಸೀರೆ ತುಂಡುಗಳ ನಡುವೆ ಸ್ಟ್ಯಾಂಡಿನ ಮೇಲೆ ನಾನು. ಗಾಜಿನ ಆಚೆ ದಾವಲಸಾಬರು, ಅವರ ಬೆನ್ನ ಹಿಂದೆ ಹೂಲಿ ಸರ್.

ಹೂಲಿ ಸರ್ ನಿಲಯದ ಮುಖ್ಯಸ್ಥರು, ನಿವೃತ್ತ ಪ್ರಾಧ್ಯಾಪಕರು. ಲೈಸೆನ್ಸ್ ಎಂಬ ಶಬ್ದವನ್ನು ಬೇರೆಯವರು ದೇವರ ಹೆಸರು ಹೇಳುವಂತೆ ಹೇಳುತ್ತಿದ್ದರು. ಸಮುದಾಯ ರೇಡಿಯೊದಲ್ಲಿ ರಾಜಕೀಯ ಮಾತಾಡುವಂತಿಲ್ಲ, ಪ್ರಸಾರದಲ್ಲಿ ಹಣ ಎತ್ತುವಂತಿಲ್ಲ ಎಂದು ದಿನವೂ ನೆನಪಿಸುತ್ತಿದ್ದರು. ಅವರ ನೆಮ್ಮದಿ ಕೆಡಿಸಲೆಂದೇ ಹುಟ್ಟಿದಂತಿದ್ದವರು ಸುಲೋಚನಾಬಾಯಿ.

ಸುಲೋಚನಾಬಾಯಿ ಒಂದು ಕಾಲಕ್ಕೆ ನಾಟಕ ಕಂಪನಿಯ ನಾಯಕಿ. ಕಂಪನಿ ಮುಚ್ಚಿದ ಮೇಲೆ ಊರಿನಲ್ಲೇ ಉಳಿದು, ವಾರಕ್ಕೊಮ್ಮೆ "ಪರದೆಯ ಆಕಡೆ" ಎಂಬ ಕಾರ್ಯಕ್ರಮ ನಡೆಸುತ್ತಿದ್ದರು. ಪರದೆಯ ಹಗ್ಗ ಎಳೆಯುವವನು, ಬಣ್ಣ ಹಚ್ಚುವವನು, ನಾಟಕಕ್ಕೆಲ್ಲ ಜೀವ ತುಂಬಿದರೂ ರಂಗದ ಮೇಲೆ ಹತ್ತುವ ಅನುಮತಿಯಿಲ್ಲದೆ ಕೆಳಗೇ ನಿಂತು ಹಲಗೆ ಬಾರಿಸಿದ ಮುದುಕ, ಇಂಥವರನ್ನು ಕರೆತಂದು ಮಾತಾಡಿಸುತ್ತಿದ್ದರು. ಕೊನೆಯ ಸಾಲಿನ ನೆಲದ ಪ್ರೇಕ್ಷಕನಿಗೂ ಕೇಳಬೇಕೆಂದು ಪಳಗಿದ ದನಿ ಅವರದು. ಗೇಣು ದೂರದಲ್ಲಿದ್ದ ನನಗೂ ಹಾಗೇ ಹೇಳುತ್ತಿದ್ದರು. ಅವರ "ನಮಸ್ಕಾರ"ಕ್ಕೆ ನನ್ನ ಪೊರೆ ದಿನವಿಡೀ ಜುಮುಗುಡುತ್ತಿತ್ತು.

"ಬಾಯಾರ, ಸ್ವಲ್ಪ ಸಾವಕಾಶ ಮಾತಾಡ್ರಿ. ಅದೇನ ಕಿವುಡ ಅಲ್ಲ" ಎಂದು ದಾವಲಸಾಬರು ಗಾಜಿನ ಆಚೆಯಿಂದ ಹೇಳುವರು.

"ಅದು ಕಿವುಡ ಅಲ್ಲ ದಾವಲಣ್ಣ, ಊರ ಕಿವುಡ ಐತಿ."

ಒಂದು ವಾರ ಅವರು ಹುಲಿಗೆವ್ವನನ್ನು ಕರೆತಂದರು. ಹುಲಿಗೆವ್ವ ಪುರಸಭೆಯ ಗುತ್ತಿಗೆ ಪೌರಕಾರ್ಮಿಕಳು, ಪೇಟೆಯ ವಾರ್ಡಿನಲ್ಲಿ ಕಸ ಗುಡಿಸುವವಳು. ಸೋಬಾನೆ ಪದ ಚೆನ್ನಾಗಿ ಹೇಳುತ್ತಾಳೆಂದು ಕರೆಸಿದ್ದರು. ಪದ ಹೇಳಿದಳು. ಆಮೇಲೆ, ಒಲೆಯ ಮೇಲಿನ ತವೆ ಮುಟ್ಟುವವಳಂತೆ ನನ್ನನ್ನು ಬೆರಳ ತುದಿಯಿಂದ ಮುಟ್ಟಿ ಕೇಳಿದಳು.

"ಇದರಾಗ ಪದ ಅಷ್ಟ ಹೇಳಬೇಕೇನ್ರಿ, ಮತ್ತೇನರ ಕೇಳಬೌದೋ?"

ಅವಳು ಕೇಳಬೇಕೆಂದಿದ್ದು ಒಂದು ಕೋಣೆ. ಬೆಳಗಾಗುವ ಮುಂಚೆ ಅವರೆಲ್ಲ ಬಂದು ಸೇರುವ ಜಾಗಕ್ಕೆ ಹಾಜರಿ ಕಟ್ಟೆ ಎನ್ನುತ್ತಾರೆ. ಅಲ್ಲಿ ಬಟ್ಟೆ ಬದಲಿಸಲು ಮರೆಯಿಲ್ಲ, ಶೌಚಕ್ಕೆ ಜಾಗವಿಲ್ಲ. ಕೇಳಿ ಕೇಳಿ ವರ್ಷಗಳಾಗಿದ್ದವು. ಒಂದು ಕೋಣೆ, ಅದಕ್ಕೊಂದು ಬಾಗಿಲು, ಒಳಗೊಂದು ಶೌಚಾಲಯ. ಇಷ್ಟೇ.

ಹೂಲಿ ಸರ್ ಮುಖ ಒರೆಸಿಕೊಂಡರು. "ಬಾಯಾರ, ಇದು ಬ್ಯಾಡ್ರಿ. ಇದು ಬೇಡಿಕೆ ಆತು. ನಾವು ಸಂಸ್ಕೃತಿ ಮಾಡೋರು."

"ಆತ್ರಿ, ಸಂಸ್ಕೃತಿನ ಮಾಡೂಣು" ಎಂದರು ಸುಲೋಚನಾಬಾಯಿ.

ಹೀಗೆ ಹುಟ್ಟಿತು ನಾಟಕ. ಒಬ್ಬ ಅರಸ, ಅವನ ಅರಮನೆಯ ತುಂಬ ಸ್ನಾನದ ಮನೆಗಳು. ಅವುಗಳನ್ನು ತೊಳೆಯುವ ದಾಸಿಗೆ ಮಾತ್ರ ಒಂದು ಮರೆಯೂ ಇಲ್ಲ. ಅರಸನೂ ಕಲ್ಪಿತ, ಊರೂ ಕಲ್ಪಿತ, ಕಾಲ ದ್ವಾಪರ ಯುಗದ ಆಸುಪಾಸು. ಹೂಲಿ ಸರ್ ಓದಿ ನೋಡಿ, ಪೌರಾಣಿಕವಾದ್ದರಿಂದ ಅಡ್ಡಿಯಿಲ್ಲ ಎಂದರು. ಭಾನುವಾರ ಮಧ್ಯಾಹ್ನ ನೇರ ಪ್ರಸಾರ ಎಂದು ನಿಗದಿಯಾಯಿತು. ಕೊನೆಗೆ ಕೇಳುಗರು ಫೋನು ಮಾಡಿ ಅಭಿಪ್ರಾಯ ಹೇಳಬಹುದು.

ತಾಲೀಮು ನಡೆದಷ್ಟು ದಿನ ಆ ಕೌದಿಗಳ ಕೋಣೆಯಲ್ಲಿ ಯಾರಿಗೂ ನಿಂತಲ್ಲಿ ನಿಲ್ಲಲಾಗಲಿಲ್ಲ. ಅರಸನ ಪಾತ್ರ ಸುಲೋಚನಾಬಾಯಿಯದು, ದಾಸಿಯದು ಹುಲಿಗೆವ್ವನದು. ಹುಲಿಗೆವ್ವ ಮಾತು ಮಾತಿಗೆ ಬಾಗಿಲ ಕಡೆ ನೋಡುವಳು, ಹಾಗೆ ನೋಡಿದಾಗೆಲ್ಲ ಅವಳ ದನಿ ನನ್ನನ್ನು ತಪ್ಪಿಸಿಕೊಂಡು ಹೋಗುವುದು. ಸುಲೋಚನಾಬಾಯಿ ಬರೆದುಕೊಟ್ಟಿದ್ದ "ಪ್ರಭುವೇ, ಈ ದೀನಳ ಮೇಲೆ ಕರುಣೆಯ ಕಟಾಕ್ಷ ಬೀರು" ಎಂಬ ವಾಕ್ಯ ಅವಳ ಬಾಯಲ್ಲಿ ಒಂದು ಸಲವೂ ಪೂರ್ತಿ ಹೊರಡಲಿಲ್ಲ.

"ಏನಬೇ, ಪದ ಹೇಳಾಗ ತಪ್ಪದಾಕಿ, ಇದಕ್ಯಾಕ ತಪ್ಪತಿ?"

"ಇದು ಬೇಡಿದಂಗ ಆಗತೈತಿ ಬಾಯಾರ. ನಾ ಬೇಡಾಕತ್ತಿಲ್ಲ."

ಶುಕ್ರವಾರ ಜಮಾದಾರ ಫಕೀರಪ್ಪ ಮಾಳಿಗೆ ಹತ್ತಿ ಬಂದ. ಕಸ ಗುಡಿಸುವವರ ಹಾಜರಿ ಹಿಡಿಯುವವನು, ಯಾರು ಎಲ್ಲಿ ಗುಡಿಸಬೇಕೆಂದು ಹೇಳುವವನು ಅವನೇ. ಊರ ನಾಟಕಗಳಲ್ಲಿ ಖಳನಾಯಕನ ಪಾರ್ಟು ಖಾಯಂ ಅವನದು. ನನಗೆ ಹಳೆಯ ಪರಿಚಯ. ಅವನ ಸಾವಿಗೆ ಬಹಳ ಆಯೇರಿ ಬೀಳುತ್ತಿದ್ದವು.

"ಏನ ಹುಲಿಗೆವ್ವ, ನಟಿ ಆದೆಂತಲ್ಲ" ಎಂದ ನಗುತ್ತ. "ಛಲೋ ಆತು. ಆದ್ರ ಎರಡೆರಡ ಉದ್ಯೋಗ ಯಾಕ? ಆಯಿತ್ವಾರ ನಾಟಕ ಮಾಡಿದ್ರ ಸೋಮವಾರದಿಂದ ಅದನ್ನ ಮಾಡ್ಕೊಂಡಿರು. ಹಾಜರಿ ಕಟ್ಟಿಗೆ ಬರಬ್ಯಾಡ."

"ಪೌರಾಣಿಕ ನಾಟಕ ಐತ್ರಿ ಅದು" ಎಂದರು ಹೂಲಿ ಸರ್ ಗಾಜಿನ ಹಿಂದಿನಿಂದ.

"ನಾನೂ ಪೌರಾಣಿಕದಾಗ ಹೇಳಾಕತ್ತೀನ್ರಿ ಸರ್."

ಅವನು ಹೋದ ಮೇಲೆ ಹುಲಿಗೆವ್ವ ಕೌದಿಯೊಂದರ ಹೊಲಿಗೆಯ ಮೇಲೆ ಬೆರಳಾಡಿಸುತ್ತ ನಿಂತಳು. ಮನೆಯಲ್ಲಿ ದುಡಿಯುವ ಕೈ ತನ್ನದೊಂದೇ ಎಂದು ಅವಳು ಹಿಂದೊಮ್ಮೆ ಹೇಳಿದ್ದು ಎಲ್ಲರಿಗೂ ನೆನಪಿತ್ತು. ಸುಲೋಚನಾಬಾಯಿ ಮೊದಲ ಸಲ ತಗ್ಗಿದ ದನಿಯಲ್ಲಿ ಮಾತಾಡಿದರು. "ಬ್ಯಾಡಂದ್ರ ಬಿಡು ತಂಗಿ. ದಾಸಿ ಪಾರ್ಟ ನಾನ ಮಾಡ್ತನಿ."

"ಅರಸ ಯಾರು ಆಗತಾರ?"

"ಅದು ಖರೇನ. ಅರಸ ಸಿಗೂದು ತ್ರಾಸು."

"ಮತ್ತ ನಾ ಬರ್ತನಿ ತಗೋರಿ."

ಭಾನುವಾರ ಸುಲೋಚನಾಬಾಯಿ ಪೂರ್ತಿ ವೇಷದಲ್ಲಿ ಬಂದರು. ಮೀಸೆ, ಕಿರೀಟ, ಭುಜಕೀರ್ತಿ. ರೇಡಿಯೊದಲ್ಲಿ ಕಾಣುವುದಿಲ್ಲ ಎಂದು ಹೂಲಿ ಸರ್ ನೆನಪಿಸಿದರೆ, "ನನಗ ಕಾಣತೈತಲ್ರಿ" ಎಂದರು. ಕಿರೀಟದ ಮೇಲೆಯೇ ಹೆಡ್‌ಫೋನು ಏರಿತು. ಹಾರ್ಮೋನಿಯಂ ಮೊಳಗಿತು. ನಾಟಕ ಸರಿಯಾಗಿಯೇ ಸಾಗಿ, ದಾಸಿ ಆಸ್ಥಾನಕ್ಕೆ ಬಂದು ಅರಸನ ಮುಂದೆ ನಿಲ್ಲುವ ಪ್ರವೇಶ ಬಂತು.

"ಎಲೈ ದಾಸಿಯೇ, ನಿನಗೇನು ಬೇಕು? ಕೇಳು!"

"ಒಂದು ಖೋಲಿ" ಎಂದಳು ಹುಲಿಗೆವ್ವ. ಮುಂದಿನ ವಾಕ್ಯಕ್ಕೆ ಮೊದಲು ಮತ್ತೆ ಬಾಗಿಲ ಕಡೆ ನೋಡಿದಳು. ಅಷ್ಟರಲ್ಲಿ ಫೋನಿನ ದೀಪ ಹೊತ್ತಿತು.

ದಾವಲಸಾಬರು ಅದನ್ನು ಹಾಗೇ ಬಿಡಬೇಕಿತ್ತು. ಫೋನು ನಾಟಕ ಮುಗಿದ ಮೇಲೆ ಎಂದು ಅವರಿಗೇ ಹೇಳಿಟ್ಟಿದ್ದರು. ಆದರೂ ಎತ್ತಿ ಕೇಳಿದರು. ಆ ಕಡೆಯವರು "ಆಯೇರಿ" ಎಂದರು. ಅಷ್ಟು ಸಾಕಾಯಿತು. ಜೀವಮಾನವಿಡೀ ಆ ಶಬ್ದಕ್ಕೆ ಆ ಕೈ ಏನು ಮಾಡುತ್ತಿತ್ತೋ ಅದನ್ನೇ ಮಾಡಿತು. ಹಾರ್ಮೋನಿಯಂ ತಗ್ಗಿಸಿತು, ಬಟನ್ ಎತ್ತಿತು. ಕರೆ ನೇರ ಊರಿಗೇ ಹೋಯಿತು. ಹೆಡ್‌ಫೋನಿನಿಂದ ಸೋರಿದ್ದು ನನಗೂ ಕೇಳಿಸಿತು.

"ಹಲೋ, ಬಾಯಾರ, ನಾ ಹಳೇ ಪ್ಯಾಟಿ ಗೌಂಡಿ ಶೇಖಪ್ಪ ಮಾತಾಡೂದು. ದಾಸಿ ಪಾರ್ಟ ಮಾಡಿದಾಕಿಗೆ ನಂದೊಂದ ಆಯೇರಿ ಕೂಗ್ರಿ."

ಸುಲೋಚನಾಬಾಯಿಯೂ ಕಂಪನಿಯವರು. ಅರಸನ ಗತ್ತು ಬಿಟ್ಟು ಕೂಡಲೇ ಕೈಮುಗಿದರು. "ಹಳೇ ಪೇಟೆಯ ಶೇಖಪ್ಪನವರಿಗೆ ನಮ್ಮ ಮಂಡಳಿಯ ಪರವಾಗಿ ಹೃತ್ಪೂರ್ವಕ ಧನ್ಯವಾದಗಳು." ಗಾಜಿನ ಆಚೆ ಹೂಲಿ ಸರ್ ಎರಡೂ ಕೈ ಬೀಸುತ್ತಿದ್ದರು. "ಶೇಖಪ್ಪ, ರೊಕ್ಕ ತಗೊಳ್ಳೂ ಹಂಗಿಲ್ಲಂತಪ್ಪ. ನಮ್ಮ ಸರ್ ಅಲ್ಲಿ ಕೈ ಮಾಡಾಕತ್ತಾರ."

"ಹಂಗಾರ ಸಿಮೆಂಟ್ ತಗೋರಿ. ಮಂದಿ ಮನಿ ಕಟ್ಟಿ ಉಳದದ್ದು ಐತಿ. ಆಕಿ ಖೋಲಿ ಕೇಳಾಕತ್ತಾಳ, ಅರಸ ಕೊಡೂ ಹಂಗ ಕಾಣೂದಿಲ್ಲ."

"ಅರಸ ಇನ್ನೂ ಬಾಯಿ ಬಿಟ್ಟಿಲ್ಲ, ತಡಿಯಪ್ಪ."

ಹುಲಿಗೆವ್ವ ನನ್ನ ಹತ್ತಿರ ಬಂದಳು. ಅಲ್ಲಿಯ ತನಕ ಬೆರಳ ತುದಿಯಿಂದ ಮುಟ್ಟುತ್ತಿದ್ದವಳು ಈಗ ನನ್ನ ಸ್ಟ್ಯಾಂಡನ್ನು ಪೊರಕೆಯ ಹಿಡಿಕೆಯಂತೆ ಗಟ್ಟಿಯಾಗಿ ಹಿಡಿದುಕೊಂಡಳು. ದನಿ ಏರಿಸಲಿಲ್ಲ.

"ನಾವು ನಸುಕಿನ್ಯಾಗ ಬರ್ತೀವ್ರಿ ಮಹಾರಾಜರ. ಬರಾಗ ನೀರ ಕುಡಿಯಂಗಿಲ್ಲ. ಕುಡದ್ರ ಹೊರಗ ಹೋಗಬೇಕಾಗತೈತಿ. ಹೊರಗ ಅಂದ್ರ ಎಲ್ಲಿ? ಹಾಜರಿ ಕಟ್ಟಿ ಮುಂದ ಚಾದಂಗಡಿ, ಹಿಂದ ಬ್ಯಾಂಕು. ಬ್ಯಾಸಿಗ್ಯಾಗ ನಾಲಗಿ ಅಂಟಿದ್ರೂ ಮಧ್ಯಾಹ್ನ ಮನಿ ಮುಟ್ಟೂ ತನಕ ಒಂದು ಗುಟುಕ ಇಲ್ಲ. ನಿಮ್ಮ ಊರ ತುಂಬ ನಳ ಅದಾವ. ನಾವ ಅದರ ಸುತ್ತ ಗುಡಿಸಿ ಬರ್ತೀವಿ. ಕುಡಿಯಂಗಿಲ್ಲ."

ನಾನು ಕೇಳಿದ ಸಂಭಾಷಣೆಗಳಿಗೆ ಲೆಕ್ಕವಿಲ್ಲ. ವಿಷ ಕುಡಿದವರು, ಶಾಪ ಕೊಟ್ಟವರು, ಗದೆ ಎತ್ತಿದವರು. ಬಾಯಾರಿಕೆಯನ್ನು ಯಾರೂ ಹೀಗೆ, ಅಂಗಡಿಯ ಬೋರ್ಡು ಓದಿದ ಹಾಗೆ, ಹೇಳಿದ್ದನ್ನು ಕೇಳಿರಲಿಲ್ಲ. ನನ್ನ ಪೊರೆ ಬಿಗಿದುಕೊಂಡಿತು. ನಾನು ಮಾಡಬಹುದಾದದ್ದೆಂದರೆ ಅಷ್ಟನ್ನೂ ಸೋರದಂತೆ ಆಚೆ ದಾಟಿಸುವುದು. ದಾಟಿಸಿದೆ.

ಆಮೇಲೆ ಫೋನಿನ ದೀಪ ಆರಲೇ ಇಲ್ಲ. ಇಟ್ಟಿಗೆ ಭಟ್ಟಿಯವನೊಬ್ಬ ಇಟ್ಟಿಗೆ ಎಂದ. ಬ್ಯಾಂಕಿನ ಹಿಂದಿನ ಓಣಿಯ ಹೆಂಗಸರು ಕೂಡಿ ತಗಡು ಎಂದರು. ಬಡಿಗನೊಬ್ಬ ಬಾಗಿಲು ಎಂದು, ತನ್ನ ಹೆಸರಿನ ಜೊತೆ ತಂದೆಯ ಹೆಸರನ್ನೂ ಕೂಗಲು ಹೇಳಿದ. ಚಾದಂಗಡಿಯವನು, ತನ್ನ ಅಂಗಡಿಯ ಹೆಸರು ಬಂದಿದ್ದಕ್ಕೆ ಹೆದರಿ, ನೀರಿನ ಟಾಕಿ ಎಂದ. ಅರಸ ಕಿರೀಟ ಸರಿಪಡಿಸಿಕೊಳ್ಳುತ್ತ ಒಬ್ಬೊಬ್ಬರಿಗೂ ಧನ್ಯವಾದ ಕೂಗಿದ. ಹೂಲಿ ಸರ್ ಮೊದಮೊದಲು ಕೈ ಬೀಸಿದರು, ಆಮೇಲೆ ಕುರ್ಚಿಯಲ್ಲಿ ಕೂತು ಬಿಟ್ಟರು. ಸಿಮೆಂಟಿನ ಬಗ್ಗೆ ಲೈಸೆನ್ಸಿನಲ್ಲಿ ಏನೂ ಹೇಳಿರಲಿಲ್ಲ.

ಕೊನೆಗೊಂದು ಕರೆ. "ನಾನ್ರಿ, ಫಕೀರಪ್ಪ. ಜಮಾದಾರ."

ಹುಲಿಗೆವ್ವ ನನ್ನ ಸ್ಟ್ಯಾಂಡನ್ನು ತನ್ನ ಕಡೆಗೆ ಎಳೆದುಕೊಂಡಳು.

"ಎಲ್ಲಾರ ಹೆಸರೂ ಕೂಗಿದ್ರಿ. ಇಲ್ಲಿ ಓಣ್ಯಾಗ ಮಂದಿ ನನ್ನ ಮಾರಿ ನೋಡಾಕತ್ತಾರ, ನಿನ್ನ ಹೆಸರ ಯಾಕ ಬರಲಿಲ್ಲೋ ಅಂತ. ಬಾಗಲಕ್ಕ ಚಿಲಕ ನಂದು. ಕೂಗ್ರಿ."

ಸುಲೋಚನಾಬಾಯಿ ಬಾಯಿ ತೆರೆಯುವ ಮುಂಚೆಯೇ ಹುಲಿಗೆವ್ವ ಹೇಳಿದಳು. "ಒಳಗಿನ ಚಿಲಕ ಕೊಡ್ರಿ ಜಮಾದಾರ್ರ. ಹೊರಗಿಂದ ಬ್ಯಾಡ."

"ಎರಡೂ ಕೊಡ್ತನಿ."

"ಒಳಗಿಂದ ಸಾಕ್ರಿ."

ಇಷ್ಟಾದ ಮೇಲೆ ಅರಸನಿಗೆ ಕೊಡಲು ಏನೂ ಉಳಿದಿರಲಿಲ್ಲ. ಕಂಪನಿಯಲ್ಲಿ ಪಳಗಿದವರು ಬರಿಗೈಯಲ್ಲಿ ಪರದೆ ಬೀಳಿಸುವುದಿಲ್ಲ. ಸುಲೋಚನಾಬಾಯಿ ಎದೆಯುಬ್ಬಿಸಿ, ನನ್ನನ್ನು ಮರೆತು, ಕೊನೆಯ ಸಾಲಿನ ನೆಲದವನಿಗೆ ಕೇಳುವಂತೆ ಗುಡುಗಿದರು. "ಎಲೈ ದಾಸಿಯೇ, ಕಟ್ಟೆಯ ಪಕ್ಕದ ಜಾಗವನ್ನು ನಾವು ದಯಪಾಲಿಸಿದ್ದೇವೆ!"

ಸೋಮವಾರ ಬೆಳಿಗ್ಗೆ ಪುರಸಭೆಯಿಂದ ಫೋನು ಬಂತು. ಹಾಜರಿ ಕಟ್ಟೆಯ ಪಕ್ಕದ ಜಾಗ ಪುರಸಭೆಯದು. ಅದನ್ನು ದಾನ ಮಾಡಲು ಈ ಅರಸ ಯಾರು ಎಂದು ಅವರು ಕೇಳಿದರು. ದ್ವಾಪರ ಯುಗದವನು ಎಂದು ಹೂಲಿ ಸರ್ ಹೇಳಿದರು. ಅದು ಸಮಾಧಾನ ತರಲಿಲ್ಲ. ಆದರೆ ಅಷ್ಟರಲ್ಲಿ, ದಾವಲಸಾಬರು ನೋಡಿ ಬಂದು ಹೇಳಿದಂತೆ, ಕಟ್ಟೆಯ ಬಳಿ ಇಟ್ಟಿಗೆ ಬಂದು ಬಿದ್ದಿತ್ತು. ಮೇಲೆ ಸಿಮೆಂಟ್ ಚೀಲ. ಬಡಿಗ ಬಾಗಿಲನ್ನು ಚೌಕಟ್ಟಿನ ಸಮೇತ ತಂದು ನೆಟ್ಟಗೆ ನಿಲ್ಲಿಸಿ ಹೋಗಿದ್ದ. ಗೋಡೆಯಿಲ್ಲದ ಬಾಗಿಲು ರಸ್ತೆಯ ಪಕ್ಕ ನಿಂತಿತ್ತು. ಅದರ ಒಳಬದಿಗೆ ಹೊಸ ಚಿಲಕ. ಹುಲಿಗೆವ್ವ ಅಂದು ಕೆಲಸಕ್ಕೆ ಬಂದಾಗ ಫಕೀರಪ್ಪ ಹಾಜರಿ ಹಾಕಿದ. ಮುಖ ನೋಡಲಿಲ್ಲ. ಹೆಸರು ಕೂಗಿಸಿಕೊಂಡ ಮರುದಿನವೇ ಅವಳನ್ನು ವಾಪಸು ಕಳಿಸಲು ಅವನಿಗೆ ದಾರಿಯಿರಲಿಲ್ಲ.

ಹೋಗುವವರು ಬರುವವರೆಲ್ಲ ಆ ಬಾಗಿಲು ನೋಡಿ ನಿಲ್ಲತೊಡಗಿದರು. ಕೆಲವರು ತೆರೆದು, ದಾಟಿ, ಮುಚ್ಚಿ ಹೋದರು. ಆಯೇರಿ ಕೊಟ್ಟವರು ದಿನವೂ ಬಂದು ತಮ್ಮ ಸಾಮಾನು ಇದೆಯೋ ಇಲ್ಲವೋ ನೋಡಿ, ಪುರಸಭೆಯ ಮೆಟ್ಟಿಲು ಹತ್ತಿ ಯಾವಾಗ ಕಟ್ಟುತ್ತೀರಿ ಎಂದು ಕೇಳಿದರು. ಚುನಾವಣೆಯೂ ದೂರವಿರಲಿಲ್ಲ. ಪುರಸಭೆ ಅದನ್ನು ತನ್ನದೇ ಯೋಜನೆ ಎಂದು ಸಾರಿ, ಶೇಖಪ್ಪನನ್ನೇ ಕರೆದು ಕಟ್ಟಿಸಿತು.

ಉದ್ಘಾಟನೆಗೆ ನನ್ನನ್ನೂ ಒಯ್ದರು. ಅಧ್ಯಕ್ಷರು, ಉಪಾಧ್ಯಕ್ಷರು, ಮಾಜಿ ಅಧ್ಯಕ್ಷರು ಸರದಿಯಲ್ಲಿ ನನಗೆ "ಹಲೋ, ಚೆಕ್" ಎಂದರು. ಕಲ್ಲಿನಲ್ಲಿ ಕೊರೆದ ಹೆಸರುಗಳಿಗೆಲ್ಲ ಹಾರ ಬಿದ್ದವು. ಮಾಜಿ ಅಧ್ಯಕ್ಷರ ಕೈಯಿಂದ ನಾನು ಜಾರಿ ಅದೇ ಕಲ್ಲಿನ ಅಂಚಿಗೆ ಬಿದ್ದೆ. ಅಂದಿನಿಂದ ನನ್ನೊಳಗೆ ಮರಳು ಜಾಡಿಸಿದಂಥ ಸದ್ದು. ದಾವಲಸಾಬರು ಬಿಚ್ಚಿ, ಊದಿ, ಬೆಸುಗೆ ಹಾಕಿ ನೋಡಿದರು. ಹೊಸ ಮೈಕು ಬಂತು. ಅದಕ್ಕೆ ವಾಯರಿಲ್ಲ, ಎಲ್ಲಿಗೆ ಬೇಕಾದರೂ ಹೋಗುತ್ತದೆ.

ನನ್ನನ್ನು ಸ್ಟುಡಿಯೊದ ಗೋಡೆಯಲ್ಲಿ, ಕೌದಿಯ ಪಕ್ಕದ ಮೊಳೆಗೆ ತೂಗುಹಾಕಿದ್ದಾರೆ. ಜನ ಇದಕ್ಕೆ ನಿವೃತ್ತಿ ಎನ್ನುತ್ತಾರೆ. ಕೇಳುವುದು ನಿಂತಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ. ಜಗತ್ತಿನಲ್ಲಿ ಹೇಳುವವರಿಗೆ ಕೊರತೆಯಿಲ್ಲ, ಕೇಳಿಸುವ ಉಪಕರಣಗಳಿಗೂ ಇಲ್ಲ. ಒಮ್ಮೊಮ್ಮೆ ಒಂದು ಊರು ಕೇಳಿಸಿಕೊಳ್ಳುತ್ತದೆ, ಅದೂ ತನ್ನ ಹೆಸರನ್ನೂ ಕೂಗುತ್ತಾರೆಂಬ ಆಸೆಗೆ. ಅದನ್ನು ನಾನು ತಪ್ಪೆನ್ನುವುದಿಲ್ಲ. ಇಟ್ಟಿಗೆಗೆ ಕಾರಣ ಬೇಕಿಲ್ಲ.

ಮೊನ್ನೆ ಹುಲಿಗೆವ್ವ ಮಾಳಿಗೆಗೆ ಬಂದಿದ್ದಳು. ಸುಲೋಚನಾಬಾಯಿ ನೀರು ಕೊಟ್ಟರು. ಅವಳು ಚೊಂಬು ಕೆಳಗಿಟ್ಟಳು, ಕುಡಿಯಲಿಲ್ಲ.

"ಯಾಕಬೇ? ಖೋಲಿ ಆತಲ್ಲ."

"ಆಗೈತ್ರಿ. ಮಂದಿ ಎಲ್ಲಾ ಹೋಗಿ ಬರ್ತಾರ. ಚಿಲಕ ಗಟ್ಟಿ ಐತಂತ."

"ಮತ್ತೇನಾತು?"

"ನನಗ ಬ್ಯಾರೆ ಕಡೆ ಹಾಕ್ಯಾರ್ರಿ. ಸಂತಿ ಮೈದಾನದ ಆಚೆ ವಾರ್ಡು. ಅಲ್ಲಿ ಬ್ಯಾರೆ ಕಟ್ಟಿ. ಇವತ್ತ ಎರಡನೇ ಪಾಳಿ ಐತಿ, ಈಗ ಹೋಗಬೇಕು."

ಯಾರು ಹಾಕಿದರೆಂದು ಸುಲೋಚನಾಬಾಯಿ ಕೇಳಲಿಲ್ಲ. ಹುಲಿಗೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲು ಇಳಿದಳು. ಹೂಲಿ ಸರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಮುಂದಿನ ನಾಟಕವೂ ಪೌರಾಣಿಕವೇ ತಾನೇ ಎಂದು ಕೇಳಿದರು.

ಸಂತೆ ಮೈದಾನದ ಆಚೆಯ ವಾರ್ಡಿನಲ್ಲಿ ಕೋಣೆ ಇಲ್ಲ.